ಎಡಿಸನ್‌ಗೆ ಬಂದಿರುವ ಅಪ್ಪ ಅಮ್ಮನಿಗೆ ಒಂದು ದಿನದ ನದಿ ದಾರಿ

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ ಎಲ್ಲವೂ ಆಯಿತು. ನೋಡಿದ್ದಕ್ಕಿಂತ ಸಾಲಿನಲ್ಲಿ ನಿಂತದ್ದೇ ಹೆಚ್ಚು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂಥ, ಹಳ್ಳಿಗಾಡಿನ, ಆಯಾಸವಾಗದ ಜಾಗ ಹತ್ತಿರದಲ್ಲಿ ಇದೆಯೇ? ಮನೆಯವರಿಗೆ ಮಂಡಿನೋವು ಬೇರೆ.

ಉತ್ತರ: ಇದೆ. ಹಂಟರ್‌ಡನ್ ಕೌಂಟಿ. ಎಡಿಸನ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೌಂಟಿ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲೆ. ಬ್ರಿಟಿಷರ ಆಳ್ವಿಕೆ ಇದ್ದ 1714ರಲ್ಲೇ ಇದು ರಚನೆಯಾಯಿತು. ಅಂದಿನ ಗವರ್ನರ್ ರಾಬರ್ಟ್ ಹಂಟರ್‌ನ ಹೆಸರನ್ನೇ ಇಟ್ಟರು. ಪಶ್ಚಿಮದ ಗಡಿಯುದ್ದಕ್ಕೂ ಡೆಲವೇರ್ ನದಿ. ಆಚೆ ದಡಕ್ಕೆ ಕಾಲಿಟ್ಟರೆ ಪೆನ್ಸಿಲ್ವೇನಿಯ ರಾಜ್ಯ.

ಮೊದಲೇ ಒಂದು ಮಾತು. ಇಡೀ ಕೌಂಟಿಯನ್ನು ಒಂದೇ ದಿನ ಸುತ್ತಲು ಹೋಗಬೇಡಿ. ಮಕ್ಕಳು ಉತ್ಸಾಹದಿಂದ ಉದ್ದನೆಯ ಪಟ್ಟಿ ಮಾಡಿದ್ದರೆ ಅದನ್ನು ಮನೆಯಲ್ಲೇ ಬಿಡಿಸಿ. ಲ್ಯಾಂಬರ್ಟ್‌ವಿಲ್‌ನಿಂದ ಫ್ರೆಂಚ್‌ಟೌನ್‌ವರೆಗೆ ನದಿಯ ಮಗ್ಗುಲಲ್ಲೇ ಸಾಗುವ 29ನೇ ನಂಬರಿನ ರಸ್ತೆ ಸುಮಾರು ಹದಿನಾರು ಮೈಲಿ ಇದೆ. ಅಷ್ಟಕ್ಕೇ ಒಂದು ದಿನ ಕೊಡಿ. ಬಸ್ಸನ್ನು ನೆಚ್ಚಿಕೊಂಡರೆ ಈ ತಿರುಗಾಟ ಆಗುವುದಿಲ್ಲ, ಕಾರು ಬೇಕೇ ಬೇಕು. ಮಗಳಿಗೋ ಅಳಿಯನಿಗೋ ವಾರದ ನಡುವೆ ರಜೆ ಸಿಗುವುದಾದರೆ ಇನ್ನೂ ಒಳ್ಳೆಯದು, ಏಕೆಂದರೆ ಶನಿವಾರ, ಭಾನುವಾರ ಲ್ಯಾಂಬರ್ಟ್‌ವಿಲ್‌ನಲ್ಲಿ ಕಾರು ನಿಲ್ಲಿಸುವುದೇ ಒಂದು ಕೆಲಸ.

ಹೋಗುವ ದಾರಿಯಲ್ಲಿ ಕೌಂಟಿಯ ಮುಖ್ಯ ಪಟ್ಟಣ ಫ್ಲೆಮಿಂಗ್ಟನ್ ಸಿಗುತ್ತದೆ. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್‌ನ ಹಸುಗೂಸನ್ನು ಅಪಹರಿಸಿ ಕೊಂದ ಪ್ರಕರಣದ ವಿಚಾರಣೆ 1935ರಲ್ಲಿ ನಡೆದದ್ದು ಇಲ್ಲಿನ ಹಳೆಯ ನ್ಯಾಯಾಲಯದಲ್ಲಿ. ಆ ಕಟ್ಟಡದ ಬಿಳಿ ಕಂಬಗಳನ್ನು ಕಾರಿನಿಂದಲೇ ನೋಡಿ ಮುಂದೆ ಸಾಗಿದರೆ ಸಾಕು.

ಲ್ಯಾಂಬರ್ಟ್‌ವಿಲ್‌ನಲ್ಲಿ ಇಳಿದು ನೇರ ಸೇತುವೆಗೆ ನಡೆಯಿರಿ. 1814ರಲ್ಲೇ ಇಲ್ಲಿ ಮರದ ಸೇತುವೆ ಬಂದಿತ್ತು. 1903ರ ಪ್ರವಾಹ ಆಗ ಇದ್ದ ಮರದ ಸೇತುವೆಯನ್ನು ಕೊಚ್ಚಿಕೊಂಡು ಹೋದ ಮೇಲೆ, 1904ರಲ್ಲಿ ಈಗಿನ ಉಕ್ಕಿನ ಸೇತುವೆ ಬಂತು. ಒಂದು ಪಕ್ಕದಲ್ಲಿ ಕಾಲುದಾರಿ ಇದೆ, ಸುಂಕವಿಲ್ಲ. ನಿಧಾನವಾಗಿ ನಡೆದರೂ ಕಾಲು ಗಂಟೆಯೊಳಗೆ ಆಚೆಯ ನ್ಯೂ ಹೋಪ್ ಊರು ಬರುತ್ತದೆ. ಮಂಡಿನೋವಿನವರು ಅರ್ಧ ನಡೆದು ತಿರುಗಿದರೂ ನಷ್ಟವಿಲ್ಲ, ನೋಟ ಇರುವುದೇ ನಡುವೆ. ಈ ನದಿಯ ಮುಖ್ಯ ಹರಿವಿಗೆ ಅಡ್ಡಲಾಗಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿಯೇ ವಸಂತದಲ್ಲಿ ಶಾಡ್ ಮೀನು ಸಮುದ್ರದಿಂದ ಮೊಟ್ಟೆಯಿಡಲು ಇಲ್ಲಿಯವರೆಗೂ ಏರಿ ಬರುತ್ತದೆ; ಊರಿನವರು ಏಪ್ರಿಲ್‌ನಲ್ಲಿ ಅದರ ಹೆಸರಿನಲ್ಲಿ ಹಬ್ಬ ಮಾಡುತ್ತಾರೆ. ತಡೆಯಿಲ್ಲದ ನದಿಯ ಇನ್ನೊಂದು ಮುಖ ಪ್ರವಾಹ. 1955ರ ಆಗಸ್ಟ್‌ನಲ್ಲಿ ಎರಡು ಚಂಡಮಾರುತಗಳು ಬೆನ್ನಿಗೆ ಬೆನ್ನಾಗಿ ಬಂದಾಗ ಈ ನದಿಯ ಹಲವು ಸೇತುವೆಗಳು ಹೋದವು, 2004ರಿಂದ 2006ರವರೆಗೆ ಮೂರು ವರ್ಷವೂ ನೀರು ಊರೊಳಗೆ ನುಗ್ಗಿತು. ದಂಡೆಯ ಮನೆಗಳನ್ನು ನೋಡಿದರೆ ಇಷ್ಟೆಲ್ಲ ಆದ ಜಾಗ ಇದು ಎಂದು ಅನ್ನಿಸುವುದೇ ಇಲ್ಲ.

ನನಗೆ ಈ ದಾರಿಯಲ್ಲಿ ನದಿಗಿಂತಲೂ ಹೆಚ್ಚು ಇಷ್ಟವಾಗುವುದು ಪಕ್ಕದ ನಾಲೆ. ಹೆಸರು ಡೆಲವೇರ್ ಅಂಡ್ ರಾರಿಟನ್ ಕೆನಾಲ್. ಪೆನ್ಸಿಲ್ವೇನಿಯದ ಕಲ್ಲಿದ್ದಲನ್ನು ದೋಣಿಯಲ್ಲಿ ನ್ಯೂಯಾರ್ಕ್‌ಗೆ ಸಾಗಿಸಬೇಕಾದರೆ ಸಮುದ್ರದ ಮೇಲೆ ದೊಡ್ಡ ಸುತ್ತು ಹಾಕಬೇಕಿತ್ತು. ಅದನ್ನು ತಪ್ಪಿಸಲು ಬೋರ್ಡನ್‌ಟೌನ್‌ನಿಂದ ನ್ಯೂ ಬ್ರನ್ಸ್‌ವಿಕ್‌ವರೆಗೆ 44 ಮೈಲಿ ನಾಲೆ ತೋಡಿದರು. ಆದರೆ ನಾಲೆಯ ನಡುಭಾಗ ಎತ್ತರದಲ್ಲಿದೆ. ದೋಣಿಯನ್ನು ಏರಿಸಲು, ಇಳಿಸಲು ಲಾಕ್ ಎಂಬ, ನೀರು ತುಂಬಿಸಿ ಖಾಲಿ ಮಾಡುವ ಕಟ್ಟೆಗಳ ಬಾಗಿಲು ತೆರೆದಾಗಲೆಲ್ಲ ಅಲ್ಲಿನ ನೀರು ಎರಡೂ ಕಡೆಗೆ ಇಳಿದುಹೋಗುತ್ತದೆ. ಹೋದಷ್ಟು ನೀರನ್ನು ತುಂಬಿಸಲು ಮೇಲ್ದಂಡೆಯ ಬುಲ್ಸ್ ಐಲೆಂಡ್‌ನಿಂದ ಟ್ರೆಂಟನ್‌ವರೆಗೆ ಇನ್ನೊಂದು 22 ಮೈಲಿ ನಾಲೆ ಬೇಕಾಯಿತು. ನೀವು ನೋಡುವುದು ಇದನ್ನೇ. 1830ರಿಂದ 1834ರವರೆಗೆ ಗುದ್ದಲಿ, ಸಲಿಕೆ ಹಿಡಿದು ಅಗೆದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ವಲಸೆ ಬಂದ ಕೂಲಿಗಳು. 1832ರ ಕಾಲರಾದಲ್ಲಿ ಅವರಲ್ಲಿ ಎಷ್ಟೋ ಜನ ಸತ್ತರು. ದಡದಲ್ಲಿ ಹೇಸರಗತ್ತೆಗಳು ಹಗ್ಗ ಎಳೆಯುತ್ತಾ ನಡೆದರೆ ದೋಣಿ ಹಿಂದೆ ಬರುತ್ತಿತ್ತು. ರೈಲಿನ ಪೈಪೋಟಿ ತಾಳಲಾರದೆ 1932ರಲ್ಲಿ ದೋಣಿ ಸಂಚಾರ ನಿಂತಿತು.

ದೋಣಿ ನಿಂತರೂ ನಾಲೆ ಹರಿಯುವುದು ನಿಲ್ಲಲಿಲ್ಲ. ಮಿಡ್ಲ್‌ಸೆಕ್ಸ್ ಕೌಂಟಿಯ ಕುಡಿಯುವ ನೀರಿಗೆ ಇಂದಿಗೂ ಈ ನಾಲೆ ಒಂದು ಮೂಲ. ಎಡಿಸನ್ ಇರುವುದೂ ಅದೇ ಕೌಂಟಿಯಲ್ಲಿ. ಮಗಳ ಮನೆಯಲ್ಲಿ ನಲ್ಲಿ ತಿರುಗಿಸಿ ಕಾಫಿಗೆ ನೀರಿಡುತ್ತೀರಲ್ಲ, ಅದರಲ್ಲಿ ಡೆಲವೇರ್‌ನ ಪಾಲೂ ಇದ್ದೀತು.

ಮಂಡ್ಯದ ಕಡೆ ನಾಲೆ ಏರಿಯ ಮೇಲೆ ನಡೆದು ಬೆಳೆದವರಿಗೆ ಇಲ್ಲಿನ ದಾರಿ ತಕ್ಷಣ ಒಗ್ಗುತ್ತದೆ. ಸಮತಟ್ಟಾದ ಜಲ್ಲಿಪುಡಿಯ ಹಾದಿ, ಏರಿಲ್ಲ, ಇಳಿಜಾರಿಲ್ಲ. ನೀರಿಗೆ ಬಿದ್ದ ಮರದ ದಿಮ್ಮಿಯ ಮೇಲೆ ಆಮೆಗಳು ಒಂದರ ಹಿಂದೆ ಒಂದು ಕತ್ತು ಚಾಚಿ ಬಿಸಿಲು ಕಾಯುತ್ತಿರುತ್ತವೆ. ಹೆಜ್ಜೆ ಸಪ್ಪಳ ಹತ್ತಿರವಾದರೆ ತುದಿಯಿಂದ ಒಂದೊಂದೇ ಬುಳುಕ್ಕನೆ ಜಾರುತ್ತವೆ. ಹಾದಿ ಬಿಟ್ಟು ಹುಲ್ಲಿಗೆ ಮಾತ್ರ ಇಳಿಯಬೇಡಿ, ಸೀರೆಯಾದರೂ ಪ್ಯಾಂಟ್ ಆದರೂ. ಜಿಂಕೆಗಳಿರುವ ಕಡೆ ಒಂದು ಬಗೆಯ ಉಣ್ಣೆ ಇರುತ್ತದೆ, ಅದು ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಮನೆಗೆ ಹೋದ ಮೇಲೆ ಕಾಲು, ಬೆನ್ನು ಒಮ್ಮೆ ನೋಡಿಕೊಳ್ಳಿ.

ಊಟದ ವಿಷಯ. ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಮೇಲು: ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಲ್ಯಾಂಬರ್ಟ್‌ವಿಲ್‌ನಲ್ಲಿ ಹೋಟೆಲುಗಳಿಗೆ ಬರವಿಲ್ಲ, ಆದರೆ ತರಕಾರಿ ಸೂಪ್ ಎಂದರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಕೇಳಿ ತಿಳಿದುಕೊಳ್ಳಿ. ಬುತ್ತಿ ಬಿಚ್ಚಲು ನಾನು ಹೇಳುವ ಜಾಗ ಬುಲ್ಸ್ ಐಲೆಂಡ್. ಮರದ ನೆರಳಿದೆ, ಪಕ್ಕದಲ್ಲೇ ನದಿ ದಾಟುವ ತೂಗುಸೇತುವೆ ಇದೆ, ನಡೆಯುವವರಿಗೆ ಮಾತ್ರ. 1947ರಲ್ಲಿ ಅದನ್ನು ಕಟ್ಟಿದ್ದು ಟ್ರೆಂಟನ್‌ನ ರೋಬ್ಲಿಂಗ್ ಕಂಪನಿ. ನ್ಯೂಯಾರ್ಕ್‌ನಲ್ಲಿ ನೂಕುನುಗ್ಗಲಿನ ನಡುವೆ ಬ್ರೂಕ್ಲಿನ್ ಸೇತುವೆ ನೋಡಿರುತ್ತೀರಿ. ಅದನ್ನು ರೂಪಿಸಿದವನೂ ಅದೇ ಮನೆತನದ ಜಾನ್ ರೋಬ್ಲಿಂಗ್.

ಬುಲ್ಸ್ ಐಲೆಂಡ್‌ಗೆ ಮೊದಲೇ ಸ್ಟಾಕ್‌ಟನ್ ಎಂಬ ಪುಟ್ಟ ಊರು ಬರುತ್ತದೆ. ಅದರಾಚೆಯ ಪ್ರಾಲ್ಸ್‌ವಿಲ್‌ನಲ್ಲಿ ಹಳೆಯ ಗಿರಣಿಗಳ ಗುಂಪನ್ನು ಉಳಿಸಿಕೊಂಡಿದ್ದಾರೆ. ಸಮಯವಿದ್ದರೆ ಅಲ್ಲಿಂದ ಒಳರಸ್ತೆಯಲ್ಲಿ ಕೆಲವೇ ಮೈಲಿ ಹೋಗಿ ಗ್ರೀನ್ ಸಾರ್ಜೆಂಟ್ ಸೇತುವೆ ನೋಡಬಹುದು. 1872ರದು, ಗೋಡೆ, ಮಾಡು ಎಲ್ಲವೂ ಮರದ್ದೇ. ಮಳೆ, ಹಿಮ ತೊಲೆಗಳಿಗೆ ತಾಗಿ ಕೊಳೆಯದಿರಲಿ ಎಂದು ಮೇಲೆ ಮಾಡು ಹೊದಿಸಿದ್ದು. ಒಳಗೆ ಕಾರು ಹೋದರೆ ಹಲಗೆಗಳು ಗಡಗಡ ಸದ್ದು ಮಾಡುತ್ತವೆ. ನ್ಯೂಜೆರ್ಸಿಯಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ಉಳಿದ ಹಳೆಯ ಕಾಲದ ಇಂಥ ಸೇತುವೆ ಇದೊಂದೇ. 1960ರಲ್ಲಿ ಇದನ್ನು ಬಿಚ್ಚಿ ಬದಲಿ ಸೇತುವೆ ಹಾಕಲು ಹೊರಟಾಗ ಸುತ್ತಲಿನ ಜನ ಪಟ್ಟು ಹಿಡಿದರು. ಮರುವರ್ಷ ಅದೇ ಮರವನ್ನು ಆದಷ್ಟೂ ಬಳಸಿ ಮತ್ತೆ ಕಟ್ಟಿದರು. ಈಗ ವಾಹನಗಳು ಒಂದೇ ದಿಕ್ಕಿನಲ್ಲಿ ಇದರೊಳಗೆ ಹೋಗುತ್ತವೆ.

ಕೊನೆಗೆ ಫ್ರೆಂಚ್‌ಟೌನ್. ಕಾಫಿ ಕುಡಿಯಿರಿ, ಕೂತುಕೊಳ್ಳಿ, ಅಷ್ಟೇ ಕೆಲಸ. ವಾಪಸಾಗಲು ಬಂದ ದಾರಿ ಬೇಡ. ಹೊಲಗಳ ನಡುವೆ ಫ್ಲೆಮಿಂಗ್ಟನ್‌ಗೆ ಹೋಗುವ 12ನೇ ರಸ್ತೆ ಹಿಡಿಯಿರಿ. ಜುಲೈ, ಆಗಸ್ಟ್ ಆದರೆ ರೈತರ ಅಂಗಡಿಗಳಲ್ಲಿ ಮುಸುಕಿನ ಜೋಳ, ಟೊಮ್ಯಾಟೊ ಸಿಗುತ್ತವೆ. ಅಕ್ಟೋಬರ್ ಆದರೆ ಸೇಬು, ಕುಂಬಳಕಾಯಿ. ಕೆಲವು ಕಡೆ ಅಂಗಡಿಯಲ್ಲಿ ಯಾರೂ ಇರುವುದಿಲ್ಲ, ಡಬ್ಬಿಗೆ ದುಡ್ಡು ಹಾಕಿ ತರಬೇಕು, ಹಾಗಾಗಿ ಚಿಲ್ಲರೆ ಡಾಲರ್ ಇಟ್ಟುಕೊಂಡಿರಿ. ಮನೆಗೆ ಹೋಗುವ ಹಾದಿಯಲ್ಲೇ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ ಇದೆ, ಸಂಜೆಯ ದರ್ಶನವನ್ನೂ ಮುಗಿಸಬಹುದು. ಕತ್ತಲಾಗುವ ಮುನ್ನ ಹೊರಡಿ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ. ಒಂದು ದಾಟಿತೆಂದು ಅಳಿಯ ವೇಗ ಹೆಚ್ಚಿಸಿದರೆ ತಡೆಯಿರಿ, ಹಿಂದೆ ಇನ್ನೂ ಎರಡು ಇರುತ್ತವೆ.