ಆಂಟಿಫ್ರೀಜ್ ಅಂದರೆ ಯಾವ ಆಂಟಿಫ್ರೀಜ್?

ಧ್ರುವ ಪ್ರದೇಶದ ಕೀಟಗಳ ಬಗ್ಗೆ ಏನೇ ಓದಿದರೂ ಒಂದು ಸಾಲು ತಪ್ಪದೆ ಬರುತ್ತದೆ: "ಇವುಗಳ ಮೈಯಲ್ಲಿ ಆಂಟಿಫ್ರೀಜ್ ಇದೆ, ಹಾಗಾಗಿ ಹೆಪ್ಪುಗಟ್ಟುವುದಿಲ್ಲ." ಮೊನ್ನೆ ಇದೇ ಸಾಲು ಬೆಲ್ಜಿಕಾ ಅಂಟಾರ್ಕ್ಟಿಕಾ ಎಂಬ ರೆಕ್ಕೆಯಿಲ್ಲದ ನುಸಿಯ ಚಿತ್ರದ ಕೆಳಗೂ ಇತ್ತು. ಬೆಲ್ಜಿಕಾದ ಮರಿಹುಳು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿಯೂ ಬದುಕುತ್ತದೆ. ಅದರ ವಿಶೇಷವೇ ಅದು, ಅಲ್ವಾ?

ಆಂಟಿಫ್ರೀಜ್ ಎಂಬ ಪದ ಕೀಟಗಳಿಗೆ ಬಂದದ್ದು ಗಾಡಿಗಳ ರೇಡಿಯೇಟರ್‌ನಿಂದ. ಅಲ್ಲಿ ನೀರಿಗೆ ಗ್ಲೈಕಾಲ್ ಬೆರೆಸುತ್ತಾರೆ, ನೀರು ಗಟ್ಟಿಯಾಗುವ ಉಷ್ಣತೆ ಕೆಳಗಿಳಿಯುತ್ತದೆ. ಕೀಟಗಳು ಮೈಯಲ್ಲೇ ತಯಾರಿಸುವ ಗ್ಲಿಸರಾಲ್ ಎಂಬ ಮಂದ ದ್ರವ ಮಾಡುವುದೂ ಇದನ್ನೇ. ಆದರೆ ಅದು ಜಾಸ್ತಿ ಬೇಕು. ಆಂಟಿಫ್ರೀಜ್ ಪ್ರೋಟೀನ್ ಹಾಗಲ್ಲ, ಸ್ವಲ್ಪ ಇದ್ದರೂ ಸಾಕು. ಅದು ಸಣ್ಣ ಹಿಮದ ಹರಳಿಗೆ ಅಂಟಿಕೊಂಡು, ಹರಳು ಬೆಳೆಯದಂತೆ ತಡೆಯುತ್ತದೆ. ಇಂಥದ್ದನ್ನು 1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡೆವ್ರೀಸ್ ಮೊದಲು ಕಂಡದ್ದು ಅಂಟಾರ್ಕ್ಟಿಕಾದ ಮೀನುಗಳ ರಕ್ತದಲ್ಲಿ. ಕೆಲಸ ಬೇರೆ, ರೀತಿ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟು ಸುಮ್ನೆ ಗೊಂದಲ ಮಾಡುತ್ತೇವೆ.

ಕನ್ನಡದ 'ಹೆಪ್ಪುಗಟ್ಟು' ಇದಕ್ಕಿಂತ ಎಷ್ಟೋ ನಿಖರ. ಗಟ್ಟಿಯಾಗುವುದನ್ನು ಶುರು ಮಾಡಿಸಲು ಒಂದು ಹೆಪ್ಪು ಬೇಕು ಎಂಬುದು ಪದದಲ್ಲೇ ಇದೆ. ನೀರಿಗೂ ಹೆಪ್ಪು ಬೇಕು! ತೀರಾ ಶುದ್ಧವಾದ ಸಣ್ಣ ನೀರಹನಿ ಸುಮಾರು -38 ಡಿಗ್ರಿಯವರೆಗೂ ದ್ರವವಾಗಿಯೇ ಇರಬಲ್ಲದು. ಧೂಳಿನ ಕಣವೋ ಬ್ಯಾಕ್ಟೀರಿಯಾವೋ ಸಿಕ್ಕರೆ ಅದನ್ನೇ ಹಿಡಿದುಕೊಂಡು ಹಿಮ ಬೆಳೆಯುತ್ತದೆ.

ಹೆಪ್ಪುಗಟ್ಟದೆ ಉಳಿಯುವ ಕೀಟಗಳು ಮೈಯೊಳಗಿನ ಹೆಪ್ಪನ್ನು ಹೊರಹಾಕುತ್ತವೆ. ಎಷ್ಟೋ ಕೀಟಗಳು ಚಳಿಗಾಲಕ್ಕೆ ಮೊದಲು ಕರುಳು ಖಾಲಿ ಮಾಡಿಕೊಳ್ಳುವುದು ಇದಕ್ಕೇ. ಅಲಾಸ್ಕಾದಲ್ಲಿ ಮರದ ತೊಗಟೆಯಡಿ ಬದುಕುವ ಕುಕುಜಸ್ ಜೀರುಂಡೆಯ ಮರಿಹುಳು ಈ ಗುಂಪಿನದು. ಅದರಲ್ಲಿ ಗ್ಲಿಸರಾಲ್, ಆಂಟಿಫ್ರೀಜ್ ಪ್ರೋಟೀನ್ ಎರಡೂ ಇವೆ. ಆ ಮಾಮೂಲಿ ಸಾಲು ಇದಕ್ಕಾದರೆ ಒಪ್ಪುತ್ತದೆ.

ಹೆಪ್ಪುಗಟ್ಟಿ ಬದುಕುವವುಗಳಲ್ಲಿ ಹಲವು ತದ್ವಿರುದ್ಧ. ಅವು ತಾವೇ ಹೆಪ್ಪು ತಯಾರಿಸುತ್ತವೆ. ಚಳಿ ವಿಪರೀತವಾಗುವ ಮೊದಲೇ, ಜೀವಕೋಶಗಳ ಹೊರಗಿನ ದ್ರವದಲ್ಲಿ ಹಿಮ ನಿಧಾನವಾಗಿ ಕಟ್ಟುವಂತೆ ನೋಡಿಕೊಳ್ಳುತ್ತವೆ. ಕೋಶದೊಳಗೆ ಹಿಮ ಕಟ್ಟಿದರೆ ಸಾಮಾನ್ಯವಾಗಿ ಸಾವೇ. ಇಲ್ಲೂ ಗ್ಲಿಸರಾಲ್ ಇರುತ್ತದೆ, ಆದರೆ ಅದರ ಮುಖ್ಯ ಕೆಲಸ ಹಿಮ ತಡೆಯುವುದಲ್ಲ, ನೀರು ಕಳೆದುಕೊಂಡು ಕುಗ್ಗುವ ಕೋಶಗಳನ್ನು ಕಾಯುವುದು. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಗೈನೆಫೋರಾ ಪತಂಗದ ಕಂಬಳಿಹುಳು ಹೀಗೆ ವರ್ಷದ ಹೆಚ್ಚಿನ ಕಾಲ ಹೆಪ್ಪುಗಟ್ಟಿರುತ್ತದೆ. ಅದು ಪತಂಗವಾಗಲು ಸುಮಾರು 7 ವರ್ಷ ಬೇಕು. ಅಲಾಸ್ಕಾದ ಯೂಪಿಸ್ ಜೀರುಂಡೆಯಂತೂ ಸುಮಾರು -60 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಬದುಕುತ್ತದೆ. ಅದರಲ್ಲಿ ಹಿಮದ ಹರಳನ್ನು ತಡೆಯುವ, ಪ್ರೋಟೀನ್ ಅಲ್ಲದ ಒಂದು ವಸ್ತು ಇರುವುದು 2009ರಲ್ಲಿ ಗೊತ್ತಾಯಿತು. ಅಂದರೆ ಆಂಟಿಫ್ರೀಜ್ ಇದೆ, ಕೀಟ ಹೆಪ್ಪುಗಟ್ಟುತ್ತದೆ ಕೂಡ. 'ಹಾಗಾಗಿ' ಎಂಬ ಪದವನ್ನು ಇಲ್ಲಿ ಎಲ್ಲಿ ಸೇರಿಸುತ್ತೀರಿ?

ಇನ್ನು ಬೆಲ್ಜಿಕಾ. ಅದರ ಮರಿಹುಳು ಹಿಮ, ಪಾಚಿ, ಮಣ್ಣಿನ ನಡುವೆ ಎರಡು ಚಳಿಗಾಲ ಕಳೆಯುತ್ತದೆ. ಸುತ್ತ ಒದ್ದೆಯಿದ್ದರೆ ಹೊರಗಿನ ಹಿಮವೇ ತಗುಲಿ, ಹೆಪ್ಪಾಗಿ, ಮೈ ಹೆಪ್ಪುಗಟ್ಟುತ್ತದೆ. ಒದ್ದೆ ಕಡಿಮೆಯಿದ್ದರೆ ಇನ್ನೊಂದು ದಾರಿ: ಮೈಯ ನೀರು ಆವಿಯಾಗಿ ಸುತ್ತಲಿನ ಹಿಮಕ್ಕೆ ಸೇರುತ್ತದೆ, ಹುಳು ಒಣಗಿ ಸುಕ್ಕಾಗುತ್ತದೆ. ಸುಮಾರು 70% ನೀರು ಹೋದರೂ ಅದು ತಡೆದುಕೊಳ್ಳುತ್ತದೆ. ಉಳಿದ ದ್ರವ ಎಷ್ಟು ಗಾಢವಾಗುತ್ತದೆಂದರೆ, ಆ ಚಳಿಯಲ್ಲಿ ಅದು ಹೆಪ್ಪುಗಟ್ಟುವುದೇ ಇಲ್ಲ.