ಹಲ್ಲಿಯ ಪಾದ: ತುದಿ ಸೀಳಿದರೆ ಹಿಡಿತ ಹೆಚ್ಚುವುದೇಕೆ?

ಹಲ್ಲಿಯ ಪಾದದಲ್ಲಿ ಅಂಟೂ ಇಲ್ಲ, ಗಾಳಿ ಹೀರಿ ಕಚ್ಚುವ ಬಟ್ಟಲೂ ಇಲ್ಲ. ಬೆರಳಿನಡಿ ಸೀಟಾ ಎಂಬ ಸೂಕ್ಷ್ಮ ಕೂದಲುಗಳಿವೆ. ಪ್ರತಿ ಕೂದಲೂ ನೂರಾರು ಕವಲಾಗಿ, ಸುಮಾರು 200 ನ್ಯಾನೊಮೀಟರ್ ಅಗಲದ ಚಪ್ಪಟೆ ತುದಿಗಳಲ್ಲಿ ಮುಗಿಯುತ್ತದೆ. ಹಿಡಿಯುವುದು ಮುಖ್ಯವಾಗಿ ವ್ಯಾನ್ ಡರ್ ವಾಲ್ಸ್ ಬಲ, ಅಂದರೆ ತೀರ ಹತ್ತಿರ ಬಂದ ಅಣುಗಳ ನಡುವಿನ ದುರ್ಬಲ ಸೆಳೆತ.

ಎಡವುವುದು ಇಲ್ಲಿ: ತಾಗುವ ಒಟ್ಟು ಜಾಗ ಅಷ್ಟೇ ಇದ್ದರೆ, ಸೀಳಿ ಏನು ಲಾಭ? ದುಂಡನೆಯ ತುದಿಯೊಂದನ್ನು ಎಳೆದು ಬಿಡಿಸಲು ಬೇಕಾದ ಬಲ ಅದರ ವಿಸ್ತೀರ್ಣವನ್ನಲ್ಲ, ತ್ರಿಜ್ಯವನ್ನು ಅನುಸರಿಸುತ್ತದೆ. ಇದು ಜೆಕೆಆರ್ (ಜಾನ್ಸನ್, ಕೆಂಡಾಲ್, ರಾಬರ್ಟ್ಸ್ ಎಂಬ ವಿಜ್ಞಾನಿಗಳ) ಸೂತ್ರ. ತುದಿ ಇಡಿಯಾಗಿ ಒಮ್ಮೆಲೇ ಕಳಚುವುದಿಲ್ಲ, ಅಂಚಿನಿಂದ ಒಳಕ್ಕೆ ಬಿಡುತ್ತಾ ಹೋಗುತ್ತದೆ. ಹಾಗಾಗಿ ಅಂಚು ಹೆಚ್ಚಿದ್ದಷ್ಟೂ ಲಾಭ.

ಲೆಕ್ಕ ಹಾಕಿ ನೋಡೋಣ. ತ್ರಿಜ್ಯ 1 ಇರುವ ಒಂದು ತುದಿಯ ಬಲ 1 ಎನ್ನಿ. ಅದನ್ನು 100 ತುದಿ ಮಾಡಿ. ಪ್ರತಿಯೊಂದರ ತ್ರಿಜ್ಯ 1/100 ಎಂದು ಬರೆದರೆ ತಪ್ಪು! ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ಹೋಗುವುದರಿಂದ ತ್ರಿಜ್ಯ 1/10. ಆದ್ದರಿಂದ ಒಂದರ ಬಲವೂ 1/10. ಒಟ್ಟು 100 × 1/10 = 10. ಅಷ್ಟೇ ಜಾಗದಲ್ಲಿ ಹತ್ತು ಪಟ್ಟು ಹಿಡಿತ. ನೆನಪಿಡುವ ದಾರಿ: ತುದಿ n ಪಟ್ಟಾದರೆ ಬಲ √n ಪಟ್ಟು. 10,000 ತುದಿಗೆ 100 ಪಟ್ಟು.

ಆದರೆ ಇದು ಎಲ್ಲ ತುದಿಗಳೂ ಒಟ್ಟಿಗೆ ತಾಗಿದಾಗಿನ ಮಾತು. ಟೋಕೇ ಹಲ್ಲಿಯ (ನಮ್ಮ ಮನೆಹಲ್ಲಿಗಿಂತ ಬಹಳ ದೊಡ್ಡದು) ಒಂದು ಪಾದದಲ್ಲಿ ಸುಮಾರು 5 ಲಕ್ಷ ಸೀಟಾ. ಒಂದರ ಬಲ ಸುಮಾರು 200 ಮೈಕ್ರೊನ್ಯೂಟನ್. ಗುಣಿಸಿದರೆ 100 ನ್ಯೂಟನ್. ಜೀವಂತ ಹಲ್ಲಿಯ ಮುಂಗಾಲು ಎರಡನ್ನೂ ಸೇರಿಸಿ ಅಳೆದಾಗ ಸಿಕ್ಕದ್ದು ಸುಮಾರು 20 ನ್ಯೂಟನ್. ಗುಣಾಕಾರದ ಉತ್ತರವನ್ನೇ ನಿಜವಾದ ಹಿಡಿತ ಎಂದು ಬರೆಯಬೇಡಿ.

ಹಲ್ಲಿಯ ಪಾದವನ್ನು ಅನುಕರಿಸಿ ಮಾಡಿದ ಕೃತಕ ಟೇಪು ಸೋಲುವುದೂ ಇದೇ ಜಾಗದಲ್ಲಿ. 2003ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಕೂದಲುಗಳ ಟೇಪು ಮಾಡಿದರು. ಗಟ್ಟಿ ತಳದ ಮೇಲೆ ಕೂದಲಿದ್ದಾಗ ಕೆಲವು ತುದಿಗಳಷ್ಟೇ ತಾಗಿದವು. ಬಾಗುವ ತಳಕ್ಕೆ ಬದಲಿಸಿದಾಗ ಹಿಡಿತ ಬಹಳ ಏರಿತು. ಕೂದಲು ಮೆತ್ತಗಾಗಿ ಒತ್ತೊತ್ತಾಗಿದ್ದರೆ ಒಂದಕ್ಕೊಂದು ಅಂಟಿ ಜಡೆಗಟ್ಟುತ್ತವೆ, ಆಗ n ಕುಸಿಯುತ್ತದೆ.

ಬಿಡಿಸುವುದು ಸುಲಭ: ಸೀಟಾ ಗೋಡೆಯೊಂದಿಗೆ ಮಾಡುವ ಕೋನ ಸುಮಾರು 30 ಡಿಗ್ರಿ ದಾಟಿದರೆ ಕಳಚುತ್ತದೆ. ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತುವುದು ಅದಕ್ಕೇ.

ಗೋಡೆ ಹಿಡಿಯುವುದೆಲ್ಲ ಹಲ್ಲಿಯಂತಲ್ಲ: ಬೆಂಗಳೂರಿನ ಕಾಂಪೌಂಡ್ ಗೋಡೆಗಳಿಗೆ ಹಬ್ಬಿಸುವ ಫೈಕಸ್ ಪ್ಯುಮಿಲಾ ಬಳ್ಳಿಗೆ √n ಲೆಕ್ಕ ಹಚ್ಚಬೇಡಿ. ಅದರ ಬೇರುಗಳು ಜಿಗುಟು ದ್ರವ ಒಸರುತ್ತವೆ, ಅದು ಗಟ್ಟಿಯಾಗಿ ಗೋಡೆಗೆ ಕಚ್ಚುತ್ತದೆ. ಕಿತ್ತರೆ ಬಣ್ಣವೂ ಜೊತೆಗೆ ಬರಬಹುದು.