ಚೀಲದೊಳಗಿನ ಮೆಣಸಿನಕಾಯಿಗೆ ಘಾಟಿಲ್ಲ

ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಅಣ್ಣನ ಮಗಳು ಕಳೆದ ಶ್ರಾವಣದಲ್ಲಿ ಎರಡು ವರದಿಗಳನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದಳು. ಒಂದು ರಕ್ತಪರೀಕ್ಷೆಯದು: ಟಿಎಸ್‌ಎಚ್ 11.4. ಥೈರಾಯ್ಡನ್ನು ಎಬ್ಬಿಸಲು ಮಿದುಳಿನಡಿಯ ಗ್ರಂಥಿ ಕಳುಹಿಸುವ ಹಾರ್ಮೋನು ಇದು, ಏರಿದರೆ ಥೈರಾಯ್ಡ್ ಸೋಲುತ್ತಿದೆ ಎಂದರ್ಥ. ಇನ್ನೊಂದು ಸ್ಕ್ಯಾನಿಂಗ್: ಎರಡೂ ಅಂಡಾಶಯ ಪಾಲಿಸಿಸ್ಟಿಕ್, ಜನರ ಮಾತಿನಲ್ಲಿ ‘ನೀರುಗುಳ್ಳೆ’. ರಕ್ತದ ವರದಿಯ ಕೊನೆಯಲ್ಲಿ ಒಟ್ಟು ಟೆಸ್ಟೋಸ್ಟೆರಾನ್ ಅಂಕಿ, ಅದರ ಪಕ್ಕದಲ್ಲಿ ‘ಸಹಜ’ ಎಂಬ ಮಾತು. ಗದ್ದದಡಿಯ ನಾಲ್ಕು ದಪ್ಪ ಕೂದಲುಗಳನ್ನು ಬೆರಳಿನಿಂದ ಸವರುತ್ತ ಅವಳು ಕೇಳಿದಳು: “ಗಂಡಸರ ಹಾರ್ಮೋನು ಸಹಜವಿದ್ದರೆ ಇವು ಎಲ್ಲಿಂದ ಬಂದವು, ಅತ್ತೆ?”

ಈ ಎರಡು ತೊಂದರೆಗಳನ್ನೂ ಹನ್ನೆರಡು ವರ್ಷಗಳಿಂದ ಹೊತ್ತಿರುವವಳು ನಾನು, ಪ್ರಾಣಿಶಾಸ್ತ್ರ ಪಾಠ ಮಾಡುವವಳೂ ಹೌದು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳ ಅಜ್ಜಿ ಒಳಗಿನಿಂದ ತೀರ್ಪು ಕೊಟ್ಟರು: “ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ.” ಈ ಮಾತು ಎಷ್ಟು ಹುಡುಗಿಯರ ಎಷ್ಟು ವರ್ಷಗಳನ್ನು ತಿಂದಿದೆಯೋ ಎಂದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಉತ್ತರ ಬ್ಯಾಡಗಿಯ ಮಾರುಕಟ್ಟೆಯಲ್ಲಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಅಲ್ಲಿ ಕಾಲಿಟ್ಟವರು ಸೀನದೆ ಹೊರಬರುವುದಿಲ್ಲ. ಸೀನಿಸುವುದು ಚೀಲದೊಳಗಿನ ಕಾಯಿಯಲ್ಲ, ಬಿಡಿಯಾಗಿ ಸುರಿದ ಕಾಯಿ. ರಕ್ತದಲ್ಲಿನ ಟೆಸ್ಟೋಸ್ಟೆರಾನ್ ಕಥೆಯೂ ಹೀಗೆಯೇ. ಅದರ ಬಹುಪಾಲನ್ನು ‘ಸೆಕ್ಸ್ ಹಾರ್ಮೋನ್ ಬೈಂಡಿಂಗ್ ಗ್ಲೋಬ್ಯುಲಿನ್’ ಎಂಬ ಪ್ರೋಟೀನ್ ಬಿಗಿಯಾಗಿ ಹಿಡಿದಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಪೂರ್ತಿ ಬಿಡಿಯಾಗಿ ಓಡಾಡುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಗದ್ದದ ಕೂದಲನ್ನು ದಪ್ಪಗೊಳಿಸುವುದು, ಮೊಡವೆ ಎಬ್ಬಿಸುವುದು, ನೆತ್ತಿಯ ಕೂದಲು ಉದುರಿಸುವುದು ಈ ಬಿಡಿ ಸರಕು. ವರದಿಯಲ್ಲಿದ್ದ ‘ಒಟ್ಟು’ ಅಂಕಿ ಚೀಲದ ಕಾಯಿಯನ್ನೂ ಬಿಡಿ ಕಾಯಿಯನ್ನೂ ಕೂಡಿಸಿ ತೂಗಿದ ಲೆಕ್ಕ. ತೂಕ ಸಹಜವಿದ್ದೂ ಘಾಟು ಹೆಚ್ಚಿರಬಹುದು, ಚೀಲಗಳು ಕಡಿಮೆಯಾಗಿದ್ದರೆ.

ಹೋಲಿಕೆಯಲ್ಲಿ ಒಂದು ಕೊರತೆಯಿದೆ. ಹೊಲಿದ ಚೀಲ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಈ ಪ್ರೋಟೀನ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹಾಗಾಗಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನೂ ನೆನೆಯಿರಿ. ಒಳಗೆ ಕುಳಿತವನು ನವಲೂರಿನ ಪೇರಲ ಹಣ್ಣಿನ ಬುಟ್ಟಿಯನ್ನು ಕಿಟಕಿಯಿಂದ ನೋಡಬಹುದು, ಕೊಳ್ಳಲಾರ. ಕೊಳ್ಳಬೇಕಾದರೆ ಇಳಿಯಬೇಕು. ಬಸ್ಸುಗಳ ಸಂಖ್ಯೆ ಅರ್ಧಕ್ಕಿಳಿದರೆ ಊರಿನ ಜನಸಂಖ್ಯೆ ಏರದೆಯೇ ರಸ್ತೆ ತುಂಬುತ್ತದೆ.

ಈ ಚೀಲಗಳನ್ನು ಹೊಲಿಯುವುದು ಯಕೃತ್ತು. ಪಿಸಿಓಎಸ್‌ನಲ್ಲಿ (ಪಾಲಿಸಿಸ್ಟಿಕ್ ಅಂಡಾಶಯದ ಈ ತೊಂದರೆಯಲ್ಲಿ) ಹೆಚ್ಚಿನವರ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ ಅಂಡಾಶಯಕ್ಕೆ ಹೆಚ್ಚು ಟೆಸ್ಟೋಸ್ಟೆರಾನ್ ತಯಾರಿಸಲು ಕುಮ್ಮಕ್ಕು ಕೊಡುತ್ತದೆ, ಯಕೃತ್ತಿನಲ್ಲಿ ಚೀಲ ಹೊಲಿಯುವ ಕೆಲಸವನ್ನು ತಗ್ಗಿಸುತ್ತದೆ. ಬೆಳೆ ಹೆಚ್ಚು, ಚೀಲ ಕಡಿಮೆ. ಇನ್ನು ಥೈರಾಯ್ಡ್ ಹಾರ್ಮೋನು ಅದೇ ಯಕೃತ್ತಿಗೆ ಚೀಲ ಹೊಲಿಯಲು ಹುರುಪು ಕೊಡುವಂಥದ್ದು. ಅದು ಕುಗ್ಗಿದರೆ ಹೊಲಿಗೆ ಇನ್ನೂ ನಿಧಾನ. 2007 ಮತ್ತು 2009ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳನ್ನು ಅಕ್ಕಪಕ್ಕ ಇಟ್ಟು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೊದಲನೆಯದು ಗ್ಲೂಕೋಸ್, ಫ್ರಕ್ಟೋಸ್‌ಗಳು ಯಕೃತ್ತಿನ ಕೋಶದಲ್ಲಿ ಕೊಬ್ಬಾಗಿ ಬದಲಾಗುವಾಗ ಎಚ್‌ಎನ್‌ಎಫ್-4 ಆಲ್ಫಾ ಎಂಬ ಪ್ರೋಟೀನ್ ಕುಸಿದು, ಅದರ ಹಿಂದೆಯೇ ಚೀಲದ ಜೀನ್ ಮಂಕಾಗುವುದನ್ನು ತೋರಿಸಿತು. ಎರಡನೆಯದು ಥೈರಾಯ್ಡ್ ಹಾರ್ಮೋನು ಅದೇ ಎಚ್‌ಎನ್‌ಎಫ್-4 ಆಲ್ಫಾವನ್ನು ಏರಿಸಿ ಚೀಲ ಹೊಲಿಸುವುದನ್ನು ತೋರಿಸಿತು. ಕತ್ತಿನಲ್ಲಿ ಒಂದು ಗ್ರಂಥಿ, ಕಿಬ್ಬೊಟ್ಟೆಯಲ್ಲಿ ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಎರಡು ಕಾಯಿಲೆಗಳು ಯಕೃತ್ತಿನ ಒಂದೇ ಗುಂಡಿಯನ್ನು ಒತ್ತುತ್ತಿವೆ!

‘ನೀರುಗುಳ್ಳೆ’ ಎಂಬ ಭಯವನ್ನೂ ಇಲ್ಲಿಯೇ ಬಿಡಿಸಬೇಕು. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರ ವಿವರ ಪ್ರಕಟಿಸಿದರು. ಊದಿದ ಅಂಡಾಶಯಗಳ ಒಂದು ಭಾಗವನ್ನು ಕತ್ತರಿಸಿ ತೆಗೆದಾಗ ಅವರಿಗೆ ಮತ್ತೆ ಮುಟ್ಟು ಬಂತು. ಅಂದಿನಿಂದ ಆಪಾದನೆಯೆಲ್ಲ ಅಂಡಾಶಯದ ತಲೆಗೆ, ಹೆಸರೂ ಅದರದೇ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ‘ಗುಳ್ಳೆ’ಗಳು ರೋಗದ ಗಂಟುಗಳಲ್ಲ, 2ರಿಂದ 9 ಮಿಲಿಮೀಟರ್ ಬೆಳೆದು, ಮುಂದೆ ಹೋಗಲಾರದೆ ನಿಂತ ಅಂಡಕೋಶಿಕೆಗಳು, ಅಂದರೆ ಅಂಡಾಣು ಬೆಳೆಯುವ ಪುಟ್ಟ ಗೂಡುಗಳು. ಒಡೆಸಬೇಕಾದದ್ದೂ ಇಲ್ಲ, ಕರಗಿಸಬೇಕಾದದ್ದೂ ಇಲ್ಲ. ಗುಳ್ಳೆ ಕರಗಿಸುವ ಪುಡಿ ಎಂದು ಯಾರಾದರೂ ಡಬ್ಬಿ ಹಿಡಿದು ಬಂದರೆ ಬಾಗಿಲಲ್ಲೇ ಕಳುಹಿಸಿ.

ಥೈರಾಯ್ಡಿನ ಕಡೆಯ ಇತಿಹಾಸ ನನ್ನನ್ನು ಬೇರೆಯೇ ರೀತಿಯಲ್ಲಿ ಕಲಕುತ್ತದೆ. ಜಪಾನಿನ ತರುಣ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಊದಿದ ಥೈರಾಯ್ಡುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅವುಗಳ ತುಂಬ ಬಿಳಿ ರಕ್ತಕಣಗಳು ಮುತ್ತಿರುವುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದ. ಆಮೇಲೆ ತನ್ನ ಊರಿಗೆ ಮರಳಿ ವೈದ್ಯವೃತ್ತಿ ಮಾಡಿಕೊಂಡಿದ್ದ. 1934ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡ. ದೇಹ ತನ್ನದೇ ಥೈರಾಯ್ಡಿನ ಮೇಲೆ ದಾಳಿ ಮಾಡುತ್ತದೆ ಎಂಬುದು ಲಂಡನ್ನಿನಲ್ಲಿ ಸ್ಪಷ್ಟವಾದದ್ದು 1956ರಲ್ಲಿ. ಈ ಕಾಯಿಲೆಗೆ ಇಟ್ಟು ಇಂದು ಜಗತ್ತಿನಾದ್ಯಂತ ಉಚ್ಚರಿಸುವ ಅವನ ಹೆಸರು ಅಷ್ಟು ದೂರ ಹೋಗುತ್ತದೆಂದು ಅವನಿಗೆ ತಿಳಿಯಲೇ ಇಲ್ಲ. 2004ರ ಜರ್ಮನ್ ಅಧ್ಯಯನವೊಂದರಲ್ಲಿ ಪಿಸಿಓಎಸ್ ಇದ್ದವರಲ್ಲಿ ಈ ಸ್ವಯಂದಾಳಿಯ ಥೈರಾಯ್ಡ್ ತೊಂದರೆ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಂಡಿತು. ಎರಡೂ ಒಂದೇ ಮನೆಗೆ ಬರುವುದು ಯಾರ ದೃಷ್ಟಿಯಿಂದಲೂ ಅಲ್ಲ.

ಪಿಸಿಓಎಸ್ ಎಂದು ಹೆಸರಿಡುವ ಮೊದಲು ಥೈರಾಯ್ಡ್ ನೋಡಲೇಬೇಕು. ಥೈರಾಯ್ಡ್ ಸೋತರೆ ಅದೊಂದೇ ಮುಟ್ಟನ್ನು ಏರುಪೇರು ಮಾಡಬಲ್ಲದು, ತೀವ್ರವಾದರೆ ಅಂಡಾಶಯವನ್ನೂ ಊದಿಸಬಲ್ಲದು. ಅದಕ್ಕೇ ಮೊದಲು ಥೈರಾಯ್ಡ್ ಹತೋಟಿಗೆ, ಆಮೇಲೆ ಉಳಿದದ್ದರ ಲೆಕ್ಕ.

ಹತೋಟಿ ಎಂದು ಹೇಳುವುದು ಸುಲಭ. ಎರಡು ತಿಂಗಳು ಮಾತ್ರೆ ನುಂಗಿದರೂ ನಮ್ಮ ಹುಡುಗಿಯ ಟಿಎಸ್‌ಎಚ್ 9ರ ಮೇಲೆಯೇ ಇತ್ತು. ಒಂದು ಬೆಳಗ್ಗೆ ಅವಳ ಕೋಣೆಗೆ ಹೋದೆ. ಚಹಾದ ಬಸಿಯಲ್ಲಿ ಮೂರು ಮಾತ್ರೆಗಳು ಸಾಲಾಗಿ ಕುಳಿತಿದ್ದವು: ಥೈರಾಯ್ಡ್ ಹಾರ್ಮೋನಿನ ಸಣ್ಣ ಬಿಳಿ ಥೈರಾಕ್ಸಿನ್, ಕೆಂಪು ಕಬ್ಬಿಣದ್ದು, ಉದ್ದನೆಯ ಕ್ಯಾಲ್ಸಿಯಂ. ಮೂರನ್ನೂ ಹಾಲು ಹಾಕಿದ ಚಹಾದೊಂದಿಗೆ ಒಂದೇ ಗುಟುಕಿನಲ್ಲಿ ನುಂಗಿದಳು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕರುಳಿನಲ್ಲಿ ಥೈರಾಕ್ಸಿನ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎದ್ದ ಕೂಡಲೇ ಬರಿ ನೀರಿನೊಂದಿಗೆ ಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆಯ ನಂತರ ಚಹಾ, ಉಳಿದೆರಡಕ್ಕೆ ಕನಿಷ್ಠ ನಾಲ್ಕು ಗಂಟೆಯ ಅಂತರ. ಬದಲಿಸಿದ್ದು ಇಷ್ಟೇ. ಅವಳ ಕಪಾಟಿನಲ್ಲಿ ಕೂದಲು ಉದುರುವುದಕ್ಕೆಂದು ತಂದ ಬಯೋಟಿನ್ ಡಬ್ಬಿಯೂ ಇತ್ತು. ಅದು ಕೆಲವು ಪ್ರಯೋಗಾಲಯಗಳಲ್ಲಿ ಟಿಎಸ್‌ಎಚ್ ಅಂಕಿಯನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು.

ಟಿಎಸ್‌ಎಚ್ 2.9ಕ್ಕೆ ಇಳಿಯಿತು. ಮುಟ್ಟು ಮಾತ್ರ ಮೂರು ತಿಂಗಳಾದರೂ ಬರಲಿಲ್ಲ, ಎಂದರೆ ಪಿಸಿಓಎಸ್ ನಿಜವಾಗಿಯೂ ಇತ್ತು. ಇಷ್ಟು ದಿನ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಕಾಯುತ್ತ ಕೂರುವಂತಿಲ್ಲ. ವೈದ್ಯರು ಗರ್ಭನಿರೋಧಕ ಮಾತ್ರೆ ಬರೆದರು. ಮದುವೆಯಾಗದ ಹುಡುಗಿಗೆ ಇದೇಕೆ ಎಂದು ಮನೆಯಲ್ಲಿ ಗದ್ದಲವೋ ಗದ್ದಲ. ಅದರಲ್ಲಿರುವ ಈಸ್ಟ್ರೋಜನ್ ಯಕೃತ್ತಿಗೆ ಚೀಲ ಹೊಲಿಯಲು ಹೇಳುತ್ತದೆ ಎಂದು ಅಜ್ಜಿಗೆ ಬಿಡಿಸಿ ಹೇಳಿದೆ, ಬ್ಯಾಡಗಿಯ ಕಥೆಯನ್ನೂ ಸೇರಿಸಿ. ಅವರು ಕೇಳಿದ ಪ್ರಶ್ನೆ ನನ್ನ ವಿದ್ಯಾರ್ಥಿಗಳಿಗೂ ಹೊಳೆದಿರಲಿಲ್ಲ: “ಹಾಗಾದರೆ ಥೈರಾಯ್ಡ್ ಹಾರ್ಮೋನಿಗೂ ಚೀಲ ಇರುವುದಿಲ್ಲವೇ?” ಇರುತ್ತದೆ. ಈಸ್ಟ್ರೋಜನ್ ಆ ಚೀಲವನ್ನೂ ಹೆಚ್ಚಿಸುತ್ತದೆ, ಬಿಡಿ ಥೈರಾಕ್ಸಿನ್ ಕುಗ್ಗಬಹುದು, ಮಾತ್ರೆಯ ಪ್ರಮಾಣ ಏರಿಸಬೇಕಾಗಬಹುದು. ಆದ್ದರಿಂದ ಯುಗಾದಿಯ ಮರುವಾರ ಟಿಎಸ್‌ಎಚ್ ಮತ್ತೆ ಪರೀಕ್ಷಿಸಬೇಕು ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರು ಅಜ್ಜಿಯೇ.